ಎನ್‌ಎಚ್‌ಎಸ್‌ಸಿ ಹಣವೋ, ಪಿಎಸ್‌ಎಲ್‌ಎಫ್ ಸಾಲ ಮನ್ನಾವೋ? ಸೆಂಟ್ರಲ್ ವ್ಯಾಲಿಯ ಕ್ಲಿನಿಕ್‌ಗೆ ಸಹಿ ಹಾಕುವ ಮುಂಚೆ

ಫ್ರೀಮಾಂಟ್_ಅಪ್ಪ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳು ಕ್ಯಾಲಿಫೋರ್ನಿಯಾದಲ್ಲಿ ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿಯ (ವೈದ್ಯಕೀಯ ಪದವಿಯ ನಂತರದ ಆಸ್ಪತ್ರೆ ತರಬೇತಿ) ಮೂರನೇ ವರ್ಷದಲ್ಲಿದ್ದಾಳೆ. 2026ರ ಜೂನ್ 30ಕ್ಕೆ ಮುಗಿಯುತ್ತದೆ. ಹುಟ್ಟಿದ್ದು ಇಲ್ಲೇ, ಅಮೆರಿಕದ ಪ್ರಜೆ. ಅವಳ ಹೆಸರಿನಲ್ಲಿರುವ ಫೆಡರಲ್ ಡೈರೆಕ್ಟ್ ಲೋನ್ (ಕೇಂದ್ರ ಸರ್ಕಾರ ನೇರವಾಗಿ ಕೊಡುವ ಓದಿನ ಸಾಲ) 2,40,000 ಡಾಲರ್, ಸರಾಸರಿ ಬಡ್ಡಿ ಶೇ 7. ಖಾಸಗಿ ಬ್ಯಾಂಕಿನ ಎಜುಕೇಶನ್ ಲೋನ್ 38,000. ಇದಲ್ಲದೆ ಅವಳ ಓದಿಗೆಂದು ನಾನು ಮನೆಯ ಮೇಲೆ ತೆಗೆದ ಹೋಮ್ ಇಕ್ವಿಟಿ ಸಾಲ 40,000, ನನ್ನ ಹೆಸರಿನಲ್ಲೇ ಇರುವ ಪೇರೆಂಟ್ ಪ್ಲಸ್ (ಮಕ್ಕಳ ಓದಿಗೆ ಪೋಷಕರು ತೆಗೆಯುವ ಫೆಡರಲ್ ಸಾಲ) 22,000. ನಾನು ಖಾಸಗಿ ಕಂಪನಿಯ ನೌಕರ.

ಎರಡು ಕಡೆಯಿಂದ ಆಫರ್ ಬಂದಿದೆ. ಒಂದು ಟುಲೇರ್ ಕೌಂಟಿಯ ಒಂದು ಎಫ್‌ಕ್ಯುಎಚ್‌ಸಿ (ಬಡವರಿಗಾಗಿ ಫೆಡರಲ್ ನೆರವಿನಿಂದ ನಡೆಯುವ) ಕ್ಲಿನಿಕ್: ಸಂಬಳ 2,30,000, ಕೆಲಸಕ್ಕೆ ಸೇರುವ ದಿನ ಆಗಸ್ಟ್ 10. ರೋಗಿಗಳಲ್ಲಿ ಹೆಚ್ಚಿನವರು ತೋಟದ ಕೂಲಿಗಳು, ಸ್ಪ್ಯಾನಿಷ್ ಮಾತಾಡುವವರು. ಮಗಳಿಗೆ ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ, ಅವಳ ಮನಸ್ಸೂ ಅಲ್ಲೇ ಇದೆ. ಇನ್ನೊಂದು ಪಕ್ಕದ ಕೌಂಟಿಯ ಲಾಭರಹಿತ ಆಸ್ಪತ್ರೆಗೆ ಸೇರಿದ ಮೆಡಿಕಲ್ ಗ್ರೂಪ್: ಸಂಬಳ 2,75,000, ಜೊತೆಗೆ ಸಾಲ ತೀರಿಸಲು 50,000 ಸೈನಿಂಗ್ ಬೋನಸ್.

ಕೇಳಬೇಕಾದ್ದು ಇಷ್ಟು. ಕೊರತೆಯ ಪ್ರದೇಶದಲ್ಲಿ ದುಡಿಯುವ ವೈದ್ಯರಿಗೆ ಸಾಲ ತೀರಿಸಲು ಸಿಗುವ ಎನ್‌ಎಚ್‌ಎಸ್‌ಸಿಯ ಹಣ ಮತ್ತು ಸಾರ್ವಜನಿಕ ಸೇವೆಯವರಿಗೆ ಸಿಗುವ ಸಾಲ ಮನ್ನಾ, ಅಂದರೆ ಪಿಎಸ್‌ಎಲ್‌ಎಫ್, ಎರಡನ್ನೂ ಪಡೆಯಬಹುದೇ? ನನ್ನ ಹೆಸರಿನ ಸಾಲಕ್ಕೂ ಏನಾದರೂ ಸಿಗುತ್ತದೆಯೇ? ಒಪ್ಪಂದ ಮಾಡಿಕೊಂಡು ಮಧ್ಯೆ ಬಿಡಬೇಕಾಗಿ ಬಂದರೆ ಏನಾಗುತ್ತದೆ? ಇನ್ನೊಂದು ವಿಷಯ: ನನ್ನ ಹೆಂಡತಿಯ ಅಣ್ಣನ ಮಗ ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿ ಜೆ-1 (ವಿದೇಶಿಯರ ತರಬೇತಿಯ) ವೀಸಾದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾನೆ. ಅವನಿಗೂ ಹಳ್ಳಿಗೆ ಹೋದರೆ ಸಾಲ ಮನ್ನಾ ಇದೆಯೇ?

ಬಡ್ಡಿಲೆಕ್ಕ ಉತ್ತರಿಸಿದ್ದು:

ಸರ್, ಎರಡನ್ನೂ ಒಟ್ಟಿಗೆ ಪಡೆಯಬಹುದು. ಆದರೆ ಯಾವ ಹಣವನ್ನು ಯಾವ ಸಾಲಕ್ಕೆ, ಯಾವ ಕ್ರಮದಲ್ಲಿ ಕಟ್ಟುತ್ತೀರಿ ಎನ್ನುವುದರ ಮೇಲೆ ಹತ್ತಾರು ಸಾವಿರ ಡಾಲರ್ ನಿಂತಿದೆ.

ಮೊದಲು ಎರಡರ ಸ್ವಭಾವ ನೋಡಿ. ಎನ್‌ಎಚ್‌ಎಸ್‌ಸಿ, ಅಂದರೆ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್, ಮುಂಗಡವಾಗಿ ಹಣ ಕೊಡುತ್ತದೆ. ಪ್ರೈಮರಿ ಕೇರ್ ವೈದ್ಯರಿಗೆ ಎರಡು ವರ್ಷದ ಪೂರ್ಣಾವಧಿ ಸೇವೆಗೆ 75,000 ಡಾಲರ್‌ವರೆಗೆ, ಅರ್ಧಾವಧಿಗೆ 37,500. ಸ್ಪ್ಯಾನಿಷ್ ಪರೀಕ್ಷೆ ಪಾಸಾದರೆ ಮೇಲೆ ಒಂದು ಸಲ 5,000. ಇದಕ್ಕೆ ಆದಾಯ ತೆರಿಗೆ ಇಲ್ಲ. ಎರಡು ವರ್ಷ ಮುಗಿದ ಮೇಲೂ ಅದೇ ಕೆಲಸದಲ್ಲಿದ್ದು, ಸಾಲ ಬಾಕಿಯಿದ್ದರೆ ವರ್ಷಕ್ಕೆ 20,000ದವರೆಗೆ ಮುಂದುವರಿಕೆ ಒಪ್ಪಂದ ಕೇಳಬಹುದು. ಪಿಎಸ್‌ಎಲ್‌ಎಫ್ ಇದಕ್ಕೆ ತದ್ವಿರುದ್ಧ. ಮೊದಲು ಏನೂ ಕೊಡುವುದಿಲ್ಲ. ಸರ್ಕಾರ ಅಥವಾ 501(ಸಿ)(3) ಲಾಭರಹಿತ ಸಂಸ್ಥೆಯಲ್ಲಿ ವಾರಕ್ಕೆ ಕನಿಷ್ಠ 30 ಗಂಟೆ ದುಡಿಯುತ್ತಾ 120 ಮಾಸಿಕ ಕಂತು ಕಟ್ಟಿ ಮುಗಿಸಿದರೆ ಉಳಿದ ಡೈರೆಕ್ಟ್ ಲೋನ್ ಪೂರ್ತಿ ಮನ್ನಾ. ಅದಕ್ಕೂ ಫೆಡರಲ್ ತೆರಿಗೆ ಇಲ್ಲ. ಹಳ್ಳಿಯೇ ಆಗಬೇಕೆಂದೂ ಇಲ್ಲ.

ಈಗ ನಿಮ್ಮ ಮಗಳ ಲೆಕ್ಕ. ಐಬಿಆರ್ ಎಂಬ, ಆದಾಯಕ್ಕೆ ತಕ್ಕಂತೆ ಕಂತು ನಿಗದಿಯಾಗುವ ಪ್ಲಾನಿನಲ್ಲಿ ಕಂತು ಹೀಗೆ ಬರುತ್ತದೆ: ಎಜಿಐನಿಂದ (ತೆರಿಗೆ ರಿಟರ್ನ್‌ನಲ್ಲಿ ತೋರಿಸುವ ಆದಾಯ) ಬಡತನ ರೇಖೆಯ ಶೇ 150 ಕಳೆದು, ಉಳಿದದ್ದರ ಶೇ 10. ಮೊದಲ ಸಾಲ ತೆಗೆದದ್ದು 2014ರ ಜುಲೈ 1ಕ್ಕಿಂತ ಮುಂಚೆಯಾದರೆ ಶೇ 15, ಅವಳ ವಯಸ್ಸು ನೋಡಿದರೆ ಶೇ 10 ಇರಬೇಕು. ಒಬ್ಬರಿಗೆ 2025ರ ಬಡತನ ರೇಖೆ 15,650, ಅದರ ಒಂದೂವರೆ ಪಟ್ಟು 23,475. ರೆಸಿಡೆಂಟ್ ಸಂಬಳದಲ್ಲಿ ಎಜಿಐ 66,000 ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 354 ಡಾಲರ್. 2,30,000ಕ್ಕೆ 1,721. ಕಂತು ಲೆಕ್ಕ ಹಾಕುವುದು ಹಿಂದಿನ ತೆರಿಗೆ ರಿಟರ್ನ್ ನೋಡಿ. ಆದ್ದರಿಂದ ರೆಸಿಡೆಂಟ್ ಸಂಬಳದ ರಿಟರ್ನ್ ಕೈಯಲ್ಲಿರುವಾಗಲೇ ವಾರ್ಷಿಕ ಆದಾಯ ದೃಢೀಕರಣ ಮಾಡಿಸಿಕೊಂಡರೆ, ದೊಡ್ಡ ಸಂಬಳದ ಮೊದಲ ವರ್ಷದಲ್ಲೂ ಕಂತು 354ರ ಆಸುಪಾಸಿನಲ್ಲೇ ಇರುತ್ತದೆ.

ಇನ್ನು ಎಂಟು ವರ್ಷ ಕಟ್ಟಬೇಕು ಎಂದಿಟ್ಟುಕೊಳ್ಳಿ. ಮೊದಲ ವರ್ಷ 4,250, ಆಮೇಲೆ ವರ್ಷಕ್ಕೆ ಸುಮಾರು 20,650ರಂತೆ ಏಳು ವರ್ಷ: ಒಟ್ಟು 1,48,800 ಆಗುತ್ತದೆ. ಬಡ್ಡಿಯೇ ವರ್ಷಕ್ಕೆ 16,800 ಬೆಳೆಯುವುದರಿಂದ ಅಸಲು ಹೆಚ್ಚೇನೂ ಕರಗುವುದಿಲ್ಲ. ಕೊನೆಯಲ್ಲಿ 2,25,000ದಷ್ಟು ಉಳಿದಿರುತ್ತದೆ, ಮನ್ನಾ ಆಗುವುದು ಆ ಮೊತ್ತ. ಸಂಬಳ ಏರಿದರೆ ಕಂತೂ ಏರುತ್ತದೆ, ಅಂಕಿ ಬದಲಾಗುತ್ತದೆ, ಆದರೆ ಚಿತ್ರ ಇದೇ.

ಇದನ್ನು ನೋಡಿದ ಮೇಲೆ ಎನ್‌ಎಚ್‌ಎಸ್‌ಸಿಯ 75,000ವನ್ನು ಬಂದ ದಿನವೇ ಫೆಡರಲ್ ಸಾಲಕ್ಕೆ ಸುರಿಯುವುದು ಏಕೆ ನಷ್ಟ ಎಂದು ಗೊತ್ತಾಗುತ್ತದೆ. ಹೇಗೂ ಮನ್ನಾ ಆಗಲಿದ್ದ ಮೊತ್ತವನ್ನು ನೀವೇ ಕಟ್ಟಿದ ಹಾಗಾಯಿತು. ಕ್ರಮ ಹೀಗಿರಲಿ. ಮೊದಲು ಖಾಸಗಿ ಸಾಲದ 38,000 ಪೂರ್ತಿ ಚುಕ್ತಾ, ಏಕೆಂದರೆ ಅದಕ್ಕೆ ಪಿಎಸ್‌ಎಲ್‌ಎಫ್ ಎಂದೂ ಸಿಗುವುದಿಲ್ಲ. ಉಳಿದ 37,000ವನ್ನು ಬೇರೆ ಖಾತೆಯಲ್ಲಿಟ್ಟು, ಅದರಿಂದಲೇ ಪ್ರತಿ ತಿಂಗಳ ಐಬಿಆರ್ ಕಂತು ಕಟ್ಟಲಿ. ಎರಡು ವರ್ಷದ ಕಂತು ಸುಮಾರು 24,900. ಮಿಕ್ಕ 12,000 ಚಿಲ್ಲರೆಯನ್ನು ಒಪ್ಪಂದದ ಅವಧಿ ಮುಗಿಯುವುದರೊಳಗೆ ಹೆಚ್ಚು ಬಡ್ಡಿಯ ಫೆಡರಲ್ ಸಾಲಕ್ಕೆ ಹಾಕಲೇಬೇಕು. ಅಷ್ಟೂ ಹಣ ಅರ್ಜಿಯಲ್ಲಿ ತೋರಿಸಿ ಒಪ್ಪಿಗೆ ಪಡೆದ ಸಾಲಗಳಿಗೇ ಹೋಗಿದೆ ಎಂದು ಸ್ಟೇಟ್‌ಮೆಂಟ್ ತೋರಿಸದಿದ್ದರೆ ಮುಂದುವರಿಕೆ ಸಿಗುವುದಿಲ್ಲ. ಮೂರನೇ ವರ್ಷದಿಂದ ಸಿಗುವ 20,000 ನೋಡಿ, ಅವಳ ವರ್ಷದ ಕಂತಿಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮುಂದುವರಿಕೆ ವರ್ಷ ವರ್ಷ ಸಿಗುತ್ತಾ ಹೋದರೆ ಕೈಯಿಂದ ಬೀಳುವುದು ತೀರಾ ಕಡಿಮೆ, ಕೊನೆಗೆ ಬಾಕಿ ಪಿಎಸ್‌ಎಲ್‌ಎಫ್‌ನಲ್ಲಿ ಹೋಗುತ್ತದೆ. ಫ್ಯಾಮಿಲಿ ಮೆಡಿಸಿನ್‌ನವರಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ನಾನಂತೂ ಕಂಡಿಲ್ಲ.

ಒಂದು ಮುಖ್ಯ ಎಚ್ಚರಿಕೆ. ರೆಸಿಡೆನ್ಸಿಯ ಮೂರು ವರ್ಷ ಪೂರ್ತಿ 36 ಕಂತಾಗಿ ಲೆಕ್ಕಕ್ಕೆ ಬಂದಿದೆ ಎಂದುಕೊಳ್ಳಬೇಡಿ. ಅವಳು ಸೇವ್ ಎಂಬ ಇನ್ನೊಂದು ಆದಾಯಾಧಾರಿತ ಪ್ಲಾನಿನಲ್ಲಿದ್ದರೆ, ಕೋರ್ಟ್ ತಡೆಯಿಂದಾಗಿ 2024ರ ಬೇಸಿಗೆಯಿಂದ ಸಾಲ ಫೋರ್‌ಬೇರೆನ್ಸ್‌ನಲ್ಲಿದೆ, ಅಂದರೆ ಕಂತು ತಾತ್ಕಾಲಿಕವಾಗಿ ನಿಂತಿದೆ, ಆ ತಿಂಗಳು ಯಾವುದೂ 120ರಲ್ಲಿ ಸೇರುವುದಿಲ್ಲ. 2025ರ ಆಗಸ್ಟ್ 1ರಿಂದ ಬಡ್ಡಿ ಮಾತ್ರ ಬೆಳೆಯುತ್ತಿದೆ. ಇವತ್ತೇ ಸ್ಟೂಡೆಂಟ್‌ಏಡ್ ಜಾಲತಾಣಕ್ಕೆ ಲಾಗಿನ್ ಆಗಿ ಎರಡು ವಿಷಯ ನೋಡಲಿ: ಯಾವ ಪ್ಲಾನ್, ಎಷ್ಟು ಕಂತು ಎಣಿಕೆಯಾಗಿದೆ. ಸೇವ್ ಆಗಿದ್ದರೆ ತಕ್ಷಣ ಐಬಿಆರ್‌ಗೆ ಅರ್ಜಿ ಹಾಕಲಿ. ಕಳೆದುಹೋದ ತಿಂಗಳುಗಳನ್ನು ಕೊನೆಯಲ್ಲಿ, ಅವನ್ನು ಸೇರಿಸಿದರೆ 120 ತುಂಬುವ ಹೊತ್ತಿಗೆ, ಬೈಬ್ಯಾಕ್ ಎಂಬ ವ್ಯವಸ್ಥೆಯಲ್ಲಿ ಹಣ ಕಟ್ಟಿ ವಾಪಸ್ ಪಡೆಯಬಹುದು. ಕಟ್ಟಬೇಕಾದ ಮೊತ್ತ ಆ ಕಾಲದ ಆದಾಯದ ಮೇಲೆ ನಿಗದಿಯಾಗುವುದರಿಂದ, ಆ ವರ್ಷಗಳ ತೆರಿಗೆ ರಿಟರ್ನ್ ಜೋಪಾನವಾಗಿ ಇಟ್ಟುಕೊಳ್ಳಿ.

2026ರ ಜುಲೈ 1ರಿಂದ ರ‍್ಯಾಪ್ ಎಂಬ ಹೊಸ ಪ್ಲಾನ್ ಬರುತ್ತದೆ. ಅದರಲ್ಲಿ ಎಜಿಐ 1,00,000 ದಾಟಿದವರಿಗೆ ಪೂರ್ತಿ ಎಜಿಐ ಮೇಲೆ ಶೇ 10, ಬಡತನ ರೇಖೆಯ ಕಡಿತ ಇಲ್ಲ, ಕಂತಿಗೆ ಮೇಲ್ಮಿತಿಯೂ ಇಲ್ಲ. 2,30,000ಕ್ಕೆ ತಿಂಗಳಿಗೆ 1,917 ಬೀಳುತ್ತದೆ. ಹಳೆಯ ಸಾಲಗಾರರು ಐಬಿಆರ್‌ನಲ್ಲೇ ಉಳಿಯಬಹುದು. ಆದರೆ ಆ ದಿನದ ನಂತರ ಹೊಸ ಫೆಡರಲ್ ಸಾಲ ತೆಗೆದರೆ ಅಥವಾ ಸಾಲಗಳನ್ನು ಕನ್ಸಾಲಿಡೇಟ್ ಮಾಡಿಸಿದರೆ (ಒಂದೇ ಹೊಸ ಸಾಲವಾಗಿ ಸೇರಿಸಿದರೆ) ಐಬಿಆರ್ ಬಾಗಿಲು ಮುಚ್ಚುತ್ತದೆ. ಖಾಸಗಿ ಬ್ಯಾಂಕಿನವರು ಕಡಿಮೆ ಬಡ್ಡಿಗೆ ರೀಫೈನಾನ್ಸ್ ಮಾಡಿಕೊಡುತ್ತೇವೆ ಎಂದು ಪತ್ರ ಕಳಿಸುತ್ತಲೇ ಇರುತ್ತಾರೆ. ಫೆಡರಲ್ ಸಾಲ ಒಮ್ಮೆ ಖಾಸಗಿಯಾದರೆ ಪಿಎಸ್‌ಎಲ್‌ಎಫ್ ಶಾಶ್ವತವಾಗಿ ಹೋಯಿತು.

ನಿಮ್ಮ ಹೆಸರಿನ ಸಾಲದ ವಿಷಯ: ಹೋಮ್ ಇಕ್ವಿಟಿಗೆ ಎಲ್ಲೂ ಏನೂ ಸಿಗುವುದಿಲ್ಲ, ಕಾಗದದ ಮೇಲೆ ಅದು ಮನೆ ಸಾಲವೇ ಹೊರತು ಓದಿನ ಸಾಲವಲ್ಲ. ಪೇರೆಂಟ್ ಪ್ಲಸ್ ಪಡೆದವರು ನೀವಾದ್ದರಿಂದ ಎನ್‌ಎಚ್‌ಎಸ್‌ಸಿ ಅದನ್ನು ಒಪ್ಪುವುದಿಲ್ಲ. ಪಿಎಸ್‌ಎಲ್‌ಎಫ್‌ಗೂ ನಿಮ್ಮ ನೌಕರಿಯನ್ನೇ ನೋಡುತ್ತಾರೆ, ಮಗಳದನ್ನಲ್ಲ. ಈ 62,000ವನ್ನು ಯೋಜನೆಯ ಹೊರಗಿಟ್ಟೇ ಲೆಕ್ಕ ಹಾಕಿ. ಅವಳ ಸಂಬಳದಿಂದ ಅವಳು ನಿಮಗೆ ಕೊಡಬಹುದು, ಎನ್‌ಎಚ್‌ಎಸ್‌ಸಿ ಹಣದಿಂದ ಒಂದು ಡಾಲರ್ ಕೂಡ ಅದಕ್ಕೆ ಹೋಗಕೂಡದು.

ಕ್ಲಿನಿಕ್_ಕಾಗದಪತ್ರ ಉತ್ತರಿಸಿದ್ದು:

ಬಡ್ಡಿಲೆಕ್ಕ ಅವರು ಹಣದ ಕಡೆ ಚೆನ್ನಾಗಿ ಹೇಳಿದ್ದಾರೆ. ಆದರೆ ಅವರ ಲೆಕ್ಕವೆಲ್ಲ ಎನ್‌ಎಚ್‌ಎಸ್‌ಸಿ ಸಿಕ್ಕೇ ಸಿಗುತ್ತದೆ ಎನ್ನುವ ಆಧಾರದ ಮೇಲಿದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆಗಸ್ಟ್ 10.

ಈ ಅರ್ಜಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಕೆಲವು ವಾರಗಳ ಮಟ್ಟಿಗೆ ತೆರೆಯುತ್ತದೆ. ಅರ್ಜಿ ಹಾಕುವಾಗ ಕೆಲಸದಲ್ಲಿ ಇರಲೇಬೇಕೆಂದಿಲ್ಲ, ಆಫರ್ ಒಪ್ಪಿಕೊಂಡಿದ್ದರೂ ನಡೆಯುತ್ತದೆ. ಆದರೆ ಇಂಥ ದಿನದೊಳಗೆ ಕೆಲಸಕ್ಕೆ ಸೇರಿರಬೇಕು ಎಂದು ಆಯಾ ವರ್ಷದ ಮಾರ್ಗಸೂಚಿಯಲ್ಲಿ ಗಡುವು ಇರುತ್ತದೆ, ಅದು ಹೆಚ್ಚಾಗಿ ಜುಲೈ ಮಧ್ಯಕ್ಕೆ ಬೀಳುತ್ತದೆ. ಸರ್ಕಾರದ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುವುದರಿಂದ ಅವರಿಗೆ ಅದಕ್ಕಿಂತ ಮೊದಲು ಒಪ್ಪಂದಗಳಾಗಬೇಕು. ಆಗಸ್ಟ್ 10ಕ್ಕೆ ಸೇರುವವಳ ಅರ್ಜಿ ಓದುವ ಮೊದಲೇ ಪಕ್ಕಕ್ಕೆ ಹೋಗುತ್ತದೆ, ಮತ್ತೆ ಒಂದು ವರ್ಷ ಕಾಯಬೇಕು. ಕ್ಲಿನಿಕ್‌ನವರಿಗೆ ಇವತ್ತೇ ಬರೆದು ಜುಲೈ ಮೊದಲ ಅಥವಾ ಎರಡನೇ ವಾರಕ್ಕೆ ದಿನ ಬದಲಿಸಲು ಕೇಳಿ. ಒಪ್ಪಿದರೆ ಆಫರ್ ಲೆಟರಿನಲ್ಲಿ ಹೊಸ ದಿನಾಂಕ ಬರಲಿ, ಫೋನಿನಲ್ಲಿ ಹೇಳಿದ್ದು ಸಾಲದು.

ಎರಡನೆಯದು ಸ್ಕೋರ್. ಎಫ್‌ಕ್ಯುಎಚ್‌ಸಿ ಆದ ಮಾತ್ರಕ್ಕೆ ಹಣ ಖಚಿತವಲ್ಲ. ಎಫ್‌ಕ್ಯುಎಚ್‌ಸಿಗಳಿಗೆ ವೈದ್ಯರ ಕೊರತೆಯ ಪ್ರದೇಶ ಎಂಬ ಮಾನ್ಯತೆ, ಅಂದರೆ ಎಚ್‌ಪಿಎಸ್‌ಎ, ತಾನಾಗಿಯೇ ಸಿಗುತ್ತದೆ, ನಿಜ. ಆದರೆ ಪ್ರೈಮರಿ ಕೇರ್ ಸ್ಕೋರ್ 0ಯಿಂದ 25ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಜನಸಂಖ್ಯೆಗೆ ಎಷ್ಟು ವೈದ್ಯರು ಎನ್ನುವುದಕ್ಕೆ ಹೆಚ್ಚೆಂದರೆ 10 ಅಂಕ, ಬಡತನಕ್ಕೆ 5, ಶಿಶು ಆರೋಗ್ಯಕ್ಕೆ 5, ಹತ್ತಿರದ ವೈದ್ಯರ ಬಳಿ ಹೋಗಲು ಹಿಡಿಯುವ ಸಮಯಕ್ಕೆ 5. ಹಣ ಹಂಚುವುದು ಹೆಚ್ಚು ಸ್ಕೋರಿನಿಂದ ಕಡಿಮೆ ಸ್ಕೋರಿನ ಕಡೆಗೆ, ಹಣ ಮುಗಿದಲ್ಲಿಗೆ ನಿಲ್ಲುತ್ತದೆ. 20ರ ಮೇಲಿರುವ ಕ್ಲಿನಿಕ್‌ಗೂ 12ರದ್ದಕ್ಕೂ ಅಜಗಜಾಂತರ. ಎನ್‌ಎಚ್‌ಎಸ್‌ಸಿ ನಡೆಸುವ ಫೆಡರಲ್ ಸಂಸ್ಥೆ ಎಚ್‌ಆರ್‌ಎಸ್‌ಎಯವರ ಹೆಲ್ತ್ ವರ್ಕ್‌ಫೋರ್ಸ್ ಕನೆಕ್ಟರ್ ಜಾಲತಾಣದಲ್ಲಿ ಕ್ಲಿನಿಕ್‌ನ ನಿಖರ ವಿಳಾಸ ಹಾಕಿ ಸ್ಕೋರ್ ನೋಡಿ.

ವಿಳಾಸ ಎಂದು ಒತ್ತಿ ಹೇಳಲು ಕಾರಣವಿದೆ. ಸೆಂಟ್ರಲ್ ವ್ಯಾಲಿಯ ದೊಡ್ಡ ಸಂಸ್ಥೆಗಳಿಗೆ ಬೇರೆ ಬೇರೆ ಊರುಗಳಲ್ಲಿ ಶಾಖೆಗಳಿರುತ್ತವೆ. ಸೋಮವಾರ ಒಂದು ಕಡೆ, ಗುರುವಾರ ಇನ್ನೊಂದು ಕಡೆ ಕೂರಿಸುವುದು ಮಾಮೂಲು. ಅವಳು ಕೆಲಸ ಮಾಡುವ ಪ್ರತಿಯೊಂದು ವಿಳಾಸವೂ ಎನ್‌ಎಚ್‌ಎಸ್‌ಸಿ ಒಪ್ಪಿಗೆ ಪಡೆದಿರಬೇಕು, ಪ್ರತಿಯೊಂದೂ ಅರ್ಜಿಯಲ್ಲಿ ಇರಬೇಕು. ಪಟ್ಟಿಯಲ್ಲಿಲ್ಲದ ಶಾಖೆಯಲ್ಲಿ ದುಡಿದ ಗಂಟೆಗಳು ಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಶಾಖೆ ಸೇರಿಸುವುದಾದರೆ ಮೊದಲು ಅನುಮತಿ, ಆಮೇಲೆ ಕೆಲಸ.

ಇನ್ನು ಗಂಟೆಗಳು. ಪೂರ್ಣಾವಧಿ ಎಂದರೆ ವಾರಕ್ಕೆ ಕನಿಷ್ಠ 40 ಗಂಟೆ, ವರ್ಷಕ್ಕೆ ಕನಿಷ್ಠ 45 ವಾರ. 40 ಗಂಟೆಯನ್ನು ನಾಲ್ಕು ದಿನಕ್ಕಿಂತ ಕಡಿಮೆಯಲ್ಲಿ ಮುಗಿಸುವಂತಿಲ್ಲ, 24 ಗಂಟೆಯೊಳಗೆ 12ಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆನ್-ಕಾಲ್ ಎಂದು ಮನೆಯಲ್ಲಿ ಕಾದಿದ್ದ ಸಮಯಕ್ಕೆ ಬೆಲೆಯಿಲ್ಲ. ಈ ವಾರ 48 ಗಂಟೆ ದುಡಿದು ಮುಂದಿನ ವಾರ 32 ಮಾಡುತ್ತೇನೆ ಎಂದರೂ ಆಗದು. ರಜೆ ವರ್ಷಕ್ಕೆ ಒಟ್ಟು ಏಳು ವಾರ, ಅಂದರೆ 35 ಕೆಲಸದ ದಿನ. ಅದರಲ್ಲೇ ಹಬ್ಬದ ರಜೆ, ಜ್ವರದ ರಜೆ, ಸಿಎಂಇ (ವೈದ್ಯರ ಮುಂದುವರಿದ ಶಿಕ್ಷಣ) ಸಮ್ಮೇಳನ ಎಲ್ಲವೂ ಬರಬೇಕು. ಊರಿನಲ್ಲಿ ಮದುವೆ ಎಂದು ಆರು ವಾರ ಹೋಗಿ ಬಂದರೆ ಆ ವರ್ಷ ಉಳಿಯುವುದು ಒಂದೇ ವಾರ. ಹೆರಿಗೆಗೆ ಅಥವಾ ದೊಡ್ಡ ಕಾಯಿಲೆಗೆ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅರ್ಜಿ ಕೊಡಬಹುದು, ಒಪ್ಪಿದರೆ ಒಪ್ಪಂದದ ಕೊನೆಯ ದಿನ ಅಷ್ಟು ಮುಂದಕ್ಕೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಸೇವಾ ದೃಢೀಕರಣ ಮಾಡಬೇಕು, ಕ್ಲಿನಿಕ್‌ನ ಕಡೆಯಿಂದಲೂ ಅದಕ್ಕೆ ಒಪ್ಪಿಗೆ ಬೀಳಬೇಕು. ಎಚ್‌ಆರ್ ವಿಭಾಗದಲ್ಲಿ ಆ ಕೆಲಸಕ್ಕೆ ಯಾರಿದ್ದಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಲಿ. ಆ ಕುರ್ಚಿ ಖಾಲಿಯಿದ್ದು, ಅರ್ಜಿಯ ಹೊತ್ತಿನಲ್ಲಿ ಉದ್ಯೋಗ ದೃಢೀಕರಣ ಗಡುವಿನೊಳಗೆ ಬರದೆ ಅರ್ಜಿ ಬಿದ್ದುಹೋಗುವುದುಂಟು.

ಮಧ್ಯೆ ಬಿಟ್ಟರೆ ಏನು ಎಂದು ಕೇಳಿದಿರಿ. ಇದನ್ನು ಮಗಳಿಗೆ ಓದಿ ಹೇಳಿ. ದಂಡಕ್ಕೆ ಮೂರು ಭಾಗ: ಸೇವೆ ಮಾಡದ ಅವಧಿಗೆ ಕೊಟ್ಟ ಹಣ, ಸೇವೆ ಮಾಡದ ಪ್ರತಿ ತಿಂಗಳಿಗೆ 7,500 ಡಾಲರ್, ಇದರ ಮೇಲೆ ಕಾನೂನು ಒಪ್ಪುವ ಗರಿಷ್ಠ ದರದ ಬಡ್ಡಿ. ಕನಿಷ್ಠ ಮೊತ್ತ 31,000. ಉದಾಹರಣೆಗೆ 75,000 ಪಡೆದು 10 ತಿಂಗಳು ದುಡಿದು ಬಿಟ್ಟರೆ ಉಳಿದದ್ದು 14 ತಿಂಗಳು. ವಾಪಸ್ ಕೊಡಬೇಕಾದ್ದು 43,750, ತಿಂಗಳ ದಂಡ 1,05,000, ಒಟ್ಟು 1,48,750, ಮೇಲೆ ಬಡ್ಡಿ. ಒಂದು ವರ್ಷದೊಳಗೆ ಕಟ್ಟಬೇಕು. ಪಡೆದದ್ದಕ್ಕಿಂತ ಸುಮಾರು ಎರಡು ಪಟ್ಟು! ನಮ್ಮ ಕರ್ನಾಟಕದ ಕಡ್ಡಾಯ ಗ್ರಾಮೀಣ ಸೇವೆಯ ನೆನಪಿನಲ್ಲಿ ಇದನ್ನು ಅಳೆಯಬೇಡಿ. ಅಲ್ಲಿ ಒಂದು ವರ್ಷದ ಸೇವೆ ಕಾನೂನಿನ ಕಟ್ಟಳೆ. ಇಲ್ಲಿ ತಾನಾಗಿ ಇಷ್ಟಪಟ್ಟು ಸಹಿ ಹಾಕಿದ ಒಪ್ಪಂದ, ಹಾಗಾಗಿ ಬಿಟ್ಟುಹೋಗಲು ದಾರಿ ಕಿರಿದು.

ಕ್ಲಿನಿಕ್ ಮುಚ್ಚಿದರೆ, ಅಥವಾ ತಪ್ಪಿಲ್ಲದೆ ಕೆಲಸದಿಂದ ತೆಗೆದರೆ, ಅದಕ್ಕೇ ದಂಡ ಬೀಳುವುದಿಲ್ಲ. ತಡಮಾಡದೆ ಎನ್‌ಎಚ್‌ಎಸ್‌ಸಿಗೆ ತಿಳಿಸಿ, ಅವರು ಒಪ್ಪುವ ಬೇರೆ ಕ್ಲಿನಿಕ್‌ಗೆ ವರ್ಗಾವಣೆ ಕೇಳಬೇಕು. ಬೇಸತ್ತು ರಾಜೀನಾಮೆ ಕೊಟ್ಟು ಆಮೇಲೆ ತಿಳಿಸಿದರೆ ಕಥೆಯೇ ಬೇರೆ. ವರ್ಗಾವಣೆಗೆ ಒಪ್ಪಿಗೆ ಕೈಗೆ ಬರುವ ತನಕ ಹಳೆಯ ಜಾಗ ಬಿಡಬಾರದು.

ಅದಕ್ಕೇ ನನ್ನ ಒಂದೇ ಮಾತು: ಹಣ ನೋಡಿ ಕ್ಲಿನಿಕ್ ಆರಿಸಬೇಡಿ, ಎರಡು ವರ್ಷ ನಿಲ್ಲಬಲ್ಲ ಕ್ಲಿನಿಕ್ ಆರಿಸಿ ಆಮೇಲೆ ಹಣಕ್ಕೆ ಅರ್ಜಿ ಹಾಕಿ. ಒಂದು ಪೂರ್ತಿ ದಿನ ಅಲ್ಲಿ ಕೂತು ನೋಡಲಿ. ದಿನಕ್ಕೆ ಎಷ್ಟು ರೋಗಿಗಳು, ಒಬ್ಬರಿಗೆ 15 ನಿಮಿಷವೋ 20 ನಿಮಿಷವೋ, ಲ್ಯಾಬ್ ಫಲಿತಾಂಶ ಮತ್ತು ಔಷಧಿ ರೀಫಿಲ್ ಯಾರು ನೋಡುತ್ತಾರೆ, ಪ್ರತಿ ವೈದ್ಯರಿಗೆ ಮೆಡಿಕಲ್ ಅಸಿಸ್ಟೆಂಟ್ ಇದ್ದಾರೆಯೇ, ಹಿಂದಿನ ಮೂರು ವರ್ಷದಲ್ಲಿ ಎಷ್ಟು ವೈದ್ಯರು ಬಿಟ್ಟುಹೋದರು, ಹೃದ್ರೋಗ ತಜ್ಞರಿಗೆ ಕಳಿಸಿದರೆ ಅಪಾಯಿಂಟ್‌ಮೆಂಟ್ ಎಷ್ಟು ತಿಂಗಳಿಗೆ ಸಿಗುತ್ತದೆ. ಮಧುಮೇಹ ಇಷ್ಟೊಂದು ಇರುವ ಕಡೆ, ಕೀಟನಾಶಕ ಸಿಂಪಡಿಸುವ ತೋಟಗಳ ನಡುವೆ, ಆಸ್ತಮಾದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಇದು. ಒಂದೇ ವೈದ್ಯೆ ವರ್ಷಗಟ್ಟಲೆ ನಿಂತರೆ ಆ ಮನೆಗಳಿಗೆ ಆಗುವ ಉಪಕಾರ ದೊಡ್ಡದು. ಆದರೆ ಬೆಂಬಲ ಇಲ್ಲದ ಕಡೆ ಎಂಥ ಮನಸ್ಸಿನವರೂ ಸೋಲುತ್ತಾರೆ.

ತೆರಿಗೆ_ಮಾತು ಉತ್ತರಿಸಿದ್ದು:

ಎರಡನೇ ಆಫರ್ ಬಗ್ಗೆ ಯಾರೂ ಹೇಳಿಲ್ಲ. ಆ 50,000 ಸಂಬಳದ ಜೊತೆ ಡಬ್ಲ್ಯೂ-2ದಲ್ಲಿ (ವರ್ಷದ ಸಂಬಳ ಮತ್ತು ತೆರಿಗೆಯ ಪತ್ರ) ಸೇರುತ್ತದೆ. ಆ ಮಟ್ಟದ ಆದಾಯಕ್ಕೆ ಫೆಡರಲ್ ಮತ್ತು ಕ್ಯಾಲಿಫೋರ್ನಿಯಾ ತೆರಿಗೆ ಎರಡೂ ಕಳೆದರೆ ಕೈಗೆ 30,000ಕ್ಕಿಂತ ಕಡಿಮೆಯೇ ಬರುತ್ತದೆ. ಉದ್ಯೋಗದಾತರು ಸಾಲಕ್ಕೆಂದು ಕೊಡುವುದರಲ್ಲಿ ವರ್ಷಕ್ಕೆ 5,250ರವರೆಗೆ ಮಾತ್ರ, ಅದೂ ಅವರು ತೆರಿಗೆ ಕಾನೂನಿನ ಸೆಕ್ಷನ್ 127ರ ಲಿಖಿತ ಯೋಜನೆ ಇಟ್ಟುಕೊಂಡಿದ್ದರೆ, ತೆರಿಗೆ ಇಲ್ಲ. ಎನ್‌ಎಚ್‌ಎಸ್‌ಸಿಯ 75,000 ಹಾಗೆಯೇ 75,000. ಸಂಬಳದ 45,000 ವ್ಯತ್ಯಾಸವನ್ನೂ ತೆರಿಗೆ ಕಳೆದು, ಹೆಚ್ಚಾಗುವ ಐಬಿಆರ್ ಕಂತನ್ನೂ ಕಳೆದು ನೋಡಿ. ಮೊದಲ ಎರಡು ವರ್ಷಕ್ಕೆ ಕ್ಲಿನಿಕ್ ಹಿಂದೇನೂ ಬೀಳುವುದಿಲ್ಲ. ಬೋನಸ್ ಪತ್ರದಲ್ಲಿ ಇಷ್ಟು ವರ್ಷದೊಳಗೆ ಬಿಟ್ಟರೆ ವಾಪಸ್ ಎಂಬ ಷರತ್ತು ಇದ್ದೇ ಇರುತ್ತದೆ. ತೆರಿಗೆ ಕಳೆದು ಕೈಗೆ ಬಂದದ್ದನ್ನೋ, ಮೂಲ 50,000ವನ್ನೋ, ಯಾವುದನ್ನು ವಾಪಸ್ ಕೇಳುತ್ತಾರೆ ಎಂಬುದನ್ನು ವಕೀಲರಿಗೆ ತೋರಿಸಿ.

ಆ ಗ್ರೂಪ್ ಲಾಭಕ್ಕಾಗಿ ನಡೆಯುವುದಾದರೂ ಪಿಎಸ್‌ಎಲ್‌ಎಫ್ ಹೋಯಿತು ಎಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ಪ್ರಕಾರ ಹೆಚ್ಚಿನ ಆಸ್ಪತ್ರೆಗಳು ವೈದ್ಯರನ್ನು ನೇರವಾಗಿ ನೇಮಿಸಿಕೊಳ್ಳುವಂತಿಲ್ಲ. ಈ ಕಾರಣಕ್ಕೆ 2023ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ, ಲಾಭರಹಿತ ಆಸ್ಪತ್ರೆಗೆ ಸೇವೆ ಕೊಡುವ ಇಂಥ ವೈದ್ಯರಿಗೂ ಪಿಎಸ್‌ಎಲ್‌ಎಫ್ ಸಿಗುತ್ತದೆ. ಟೆಕ್ಸಸ್‌ಗೂ ಇದೇ ಅನ್ವಯ. ಅರ್ಜಿಗೆ ಸಹಿ ಹಾಕಬೇಕಾದವರು ಗ್ರೂಪ್ ಅಲ್ಲ, ಆಸ್ಪತ್ರೆಯವರು. ಅವರು ಸಹಿ ಹಾಕಿಕೊಡುತ್ತಾರೆಯೇ ಎಂದು ಸೇರುವ ಮುಂಚೆಯೇ ಲಿಖಿತವಾಗಿ ಕೇಳಿ.

ರಾಜ್ಯದ ಯೋಜನೆಗಳನ್ನೂ ನೋಡಿ. ಸ್ಟೀವನ್ ಎಂ. ಥಾಂಪ್ಸನ್ ಫಿಸಿಶಿಯನ್ ಕೋರ್ ಯೋಜನೆಯಲ್ಲಿ ಮೂರು ವರ್ಷಕ್ಕೆ 1,05,000ದವರೆಗೆ. ಕ್ಯಾಲ್‌ಹೆಲ್ತ್‌ಕೇರ್ಸ್‌ನಲ್ಲಿ ಐದು ವರ್ಷಕ್ಕೆ 3,00,000ದವರೆಗೆ, ರೋಗಿಗಳಲ್ಲಿ ಶೇ 30 ಮೆಡಿ-ಕ್ಯಾಲ್‌ನವರಿರಬೇಕು (ಬಡವರಿಗೆ ರಾಜ್ಯದ ಆರೋಗ್ಯ ವಿಮೆ). ನಿಮ್ಮ ಮಗಳ ಒಟ್ಟು 2,78,000 ಅದೊಂದರಲ್ಲೇ ತೀರಬಹುದು. ಆದರೆ ಸ್ಪರ್ಧೆ ಬಿರುಸು, ಅರ್ಜಿ ಕರೆಯುವುದು ಹಣ ಲಭ್ಯವಿದ್ದಾಗ. ಇವುಗಳಲ್ಲಿ ಒಂದರ ಸೇವಾ ಒಪ್ಪಂದ ಜಾರಿಯಲ್ಲಿರುವಾಗ ಎನ್‌ಎಚ್‌ಎಸ್‌ಸಿಯ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಒಂದು ಮುಗಿಸಿ ಇನ್ನೊಂದು. ಪಿಎಸ್‌ಎಲ್‌ಎಫ್ ಮಾತ್ರ ಸೇವಾ ಒಪ್ಪಂದವಲ್ಲ, ಆದ್ದರಿಂದ ಯಾವುದರ ಜೊತೆಗೂ ನಡೆಯುತ್ತದೆ.

ವೀಸಾದಾರಿ ಉತ್ತರಿಸಿದ್ದು:

ನಿಮ್ಮ ಭಾವಮೈದುನನ ಮಗನ ಪ್ರಶ್ನೆಗೆ: ಎನ್‌ಎಚ್‌ಎಸ್‌ಸಿ ಇಲ್ಲ, ಅದಕ್ಕೆ ಅಮೆರಿಕದ ಪೌರತ್ವ ಬೇಕು. ಪಿಎಸ್‌ಎಲ್‌ಎಫ್ ಇರುವುದು ಫೆಡರಲ್ ಸಾಲಕ್ಕೆ, ಜೆ-1ನವರಿಗೆ ಆ ಸಾಲವೇ ಸಿಗುವುದಿಲ್ಲ. ಊರಿನ ಬ್ಯಾಂಕಿನ ಎಜುಕೇಶನ್ ಲೋನ್ ಅವನೇ ತೀರಿಸಬೇಕು.

ಹಳ್ಳಿಗೆ ಹೋದರೆ ಅವನಿಗೆ ಸಿಗುವುದು ವೀಸಾದ ಒಂದು ಷರತ್ತಿನಿಂದ ಬಿಡುಗಡೆ. ಜೆ-1ನಲ್ಲಿ ರೆಸಿಡೆನ್ಸಿ ಮುಗಿಸಿದವರು ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರಬೇಕೆಂಬ ನಿಯಮವಿದೆ. 1994ರಲ್ಲಿ ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ತಂದ ಯೋಜನೆಯಲ್ಲಿ ಅದಕ್ಕೆ ವಿನಾಯಿತಿ. ಈಗ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಕೊರತೆಯ ಪ್ರದೇಶದಲ್ಲಿ ಎಚ್-1ಬಿ (ಕೆಲಸದ ವೀಸಾ) ಮೇಲೆ ಮೂರು ವರ್ಷ, ವಾರಕ್ಕೆ 40 ಗಂಟೆ ದುಡಿಯಬೇಕು, ವಿನಾಯಿತಿ ಸಿಕ್ಕ 90 ದಿನದೊಳಗೆ ಸೇರಬೇಕು. ಈ ಎಚ್-1ಬಿಗೆ ಲಾಟರಿ ಇಲ್ಲ. 30ರಲ್ಲಿ 10 ಜಾಗವನ್ನು, ಕ್ಲಿನಿಕ್ ಕೊರತೆಯ ಪ್ರದೇಶದ ಹೊರಗಿದ್ದರೂ ಅಲ್ಲಿನ ರೋಗಿಗಳನ್ನು ನೋಡುವಂತಿದ್ದರೆ, ರಾಜ್ಯ ಕೊಡಬಹುದು. ಅನೇಕ ರಾಜ್ಯಗಳು ಅಕ್ಟೋಬರ್ 1ರ ಸುಮಾರಿಗೆ ಅರ್ಜಿ ತೆಗೆದುಕೊಳ್ಳುತ್ತವೆ, ಬೇಡಿಕೆಯಿರುವ ಕಡೆ ಬೇಗ ತುಂಬುತ್ತದೆ. ಕೊನೆಯ ವರ್ಷದ ಬೇಸಿಗೆಯಲ್ಲೇ ಕೆಲಸದ ಒಪ್ಪಂದ ಕೈಯಲ್ಲಿರಬೇಕು. ಜಾಗ ಸಿಗದಿದ್ದರೆ ಅಪಲೇಚಿಯನ್ ರೀಜನಲ್ ಕಮಿಷನ್, ಡೆಲ್ಟಾ ರೀಜನಲ್ ಅಥಾರಿಟಿ ಎಂಬ ಪ್ರಾದೇಶಿಕ ಸಂಸ್ಥೆಗಳ ಮೂಲಕವೂ ದಾರಿಯಿದೆ. ಮೂರರ ಬದಲು ಒಟ್ಟು ಐದು ವರ್ಷ ಅಂಥ ಕಡೆ ದುಡಿದರೆ ಗ್ರೀನ್ ಕಾರ್ಡಿಗೆ ಫಿಸಿಶಿಯನ್ ನ್ಯಾಷನಲ್ ಇಂಟರೆಸ್ಟ್ ವೇವರ್‌ಗೂ ಅರ್ಹತೆ ಬರುತ್ತದೆ, ಭಾರತದವರ ಸರದಿ ಉದ್ದವಿದ್ದೇ ಇದೆ.

ಒಪ್ಪಂದದಲ್ಲಿ, ಬಿಟ್ಟರೆ ಇಷ್ಟು ಮೈಲಿಯೊಳಗೆ ಪ್ರಾಕ್ಟೀಸ್ ಮಾಡಬಾರದು ಎಂಬ ಷರತ್ತಿದ್ದರೆ ತೆಗೆಸಿ ಸಹಿ ಹಾಕಲಿ. ವೀಸಾ ಆ ಕೆಲಸಕ್ಕೆ ಕಟ್ಟಿಹಾಕಿರುವಾಗ ಇದು ಕುತ್ತಿಗೆಗೆ ಬರುತ್ತದೆ.

ಫ್ರೀಮಾಂಟ್_ಅಪ್ಪ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ನೋಡಿದಳು, ಸೇವ್ ಪ್ಲಾನಿನಲ್ಲೇ ಇದ್ದಾಳೆ, ಎಣಿಕೆಯಾದದ್ದು 8 ಕಂತು. ಐಬಿಆರ್‌ಗೆ ಅರ್ಜಿ ಹಾಕಿದಳು. ಕ್ಲಿನಿಕ್ ವಿಳಾಸದ ಸ್ಕೋರ್ 19. ಜುಲೈ 6ಕ್ಕೆ ಸೇರಿಸಿಕೊಳ್ಳಲು ಕ್ಲಿನಿಕ್‌ನವರು ಸಿದ್ಧರಿದ್ದಾರೆ, ಆದರೆ ಕ್ರೆಡೆನ್ಷಿಯಲಿಂಗ್ (ಅರ್ಹತೆ ಪರಿಶೀಲನೆ ಮತ್ತು ವಿಮೆ ನೋಂದಣಿ) ಮುಗಿದಿರಬೇಕು ಎನ್ನುತ್ತಾರೆ. ಅದು ಎಷ್ಟು ದಿನದ ಕೆಲಸ?

ಕ್ಲಿನಿಕ್_ಕಾಗದಪತ್ರ ಉತ್ತರಿಸಿದ್ದು:

19 ಒಳ್ಳೆಯ ಸ್ಕೋರ್. ಆ ವರ್ಷದ ಹಣ ಎಲ್ಲಿಯವರೆಗೆ ತಲುಪುತ್ತದೆ ಎಂಬುದರ ಮೇಲೆ ನಿಂತಿದೆ, ಅರ್ಜಿ ಮಾತ್ರ ಖಂಡಿತ ಹಾಕಲಿ.

ಎನ್‌ಎಚ್‌ಎಸ್‌ಸಿಗೆ ಪೂರ್ಣ, ನಿರ್ಬಂಧವಿಲ್ಲದ ಲೈಸೆನ್ಸ್ ಬೇಕು. ಅದು ಇನ್ನೂ ಇಲ್ಲದಿದ್ದರೆ ಮೆಡಿಕಲ್ ಬೋರ್ಡ್‌ಗೆ ಇವತ್ತೇ ಅರ್ಜಿ ಹೋಗಲಿ, ಬಾಕಿ ಎಲ್ಲವೂ ಅದರ ಹಿಂದೆಯೇ ನಿಂತಿದೆ. ಲೈಸೆನ್ಸ್ ನಂಬರ್ ಬಂದ ಮೇಲೆ ಡಿಇಎ (ನಿಯಂತ್ರಿತ ಔಷಧಿ ಬರೆಯಲು ಫೆಡರಲ್ ನೋಂದಣಿ), ಅದಾದ ಮೇಲೆ ಮೆಡಿಕೇರ್, ಮೆಡಿ-ಕ್ಯಾಲ್ ಮತ್ತು ಆ ಕೌಂಟಿಯ ಮ್ಯಾನೇಜ್ಡ್ ಕೇರ್ ಪ್ಲಾನ್‌ಗಳ ನೋಂದಣಿ. ಒಟ್ಟು 90ರಿಂದ 120 ದಿನ ಹಿಡಿಯುವುದು ಸಾಮಾನ್ಯ. ಹೆಚ್ಚಾಗಿ ತಡವಾಗುವುದು ಮೂರು ಕಾರಣಕ್ಕೆ: ಸಿಎಕ್ಯುಎಚ್ (ವಿಮಾ ಕಂಪನಿಗಳು ವೈದ್ಯರ ವಿವರ ನೋಡುವ ಜಾಲತಾಣ) ಪ್ರೊಫೈಲ್ ಅರ್ಧಕ್ಕೆ ನಿಂತಿರುತ್ತದೆ, ರೆಫರೆನ್ಸ್ ಕೊಟ್ಟ ವೈದ್ಯರು ಇಮೇಲಿಗೆ ಉತ್ತರಿಸಿರುವುದಿಲ್ಲ, ಓದು ಮತ್ತು ಕೆಲಸದ ವಿವರದಲ್ಲಿ ಒಂದೆರಡು ತಿಂಗಳ ಖಾಲಿ ಜಾಗಕ್ಕೆ ವಿವರಣೆ ಇರುವುದಿಲ್ಲ. ಮೂರನ್ನೂ ಈ ವಾರವೇ ಮುಗಿಸಬಹುದು.

ಎಲ್ಲ ಇನ್ಶೂರೆನ್ಸ್ ಪ್ಲಾನ್‌ಗಳ ನೋಂದಣಿ ಜುಲೈ 6ರೊಳಗೆ ಮುಗಿಯದಿದ್ದರೆ, ಮುಗಿದಿರುವ ಪ್ಲಾನಿನ ರೋಗಿಗಳನ್ನು ಮತ್ತು ಸ್ಲೈಡಿಂಗ್ ಫೀ (ಆದಾಯಕ್ಕೆ ತಕ್ಕ ರಿಯಾಯಿತಿ ಶುಲ್ಕ) ಮೇಲೆ ಬರುವವರನ್ನು ಅವತ್ತಿನಿಂದ ನೋಡಲು ಬಿಡುತ್ತೀರಾ ಎಂದು ಮೆಡಿಕಲ್ ಡೈರೆಕ್ಟರನ್ನು ಕೇಳಿ. ಓರಿಯೆಂಟೇಶನ್, ಕಂಪ್ಯೂಟರ್ ತರಬೇತಿ ಎಂದು ಬರೀ ಹೆಸರಿಗೆ ಸೇರಿಸಿಕೊಂಡು ರೋಗಿಗಳನ್ನೇ ಕೊಡದಿದ್ದರೆ ಸೇವಾ ಗಂಟೆಗಳ ಪ್ರಶ್ನೆ ಏಳುತ್ತದೆ. ಉತ್ತರ ಇಮೇಲಿನಲ್ಲಿ ಬರಲಿ.